ಟಸ್ಸಾರ್‌–ಘಿಚಾ ಸೀರೆ: ಬಟ್ಟೆ ಒಳ್ಳೆಯದು, ಚೀಟಿ ಸರಿಯಿಲ್ಲ

ಕೈಮಗ್ಗ ಮೇಳವೊಂದರಲ್ಲಿ ಕೊಂಡ ಈ ಸೀರೆಯ ಒಡಲು ಟಸ್ಸಾರ್ ಎಂಬ ಬಣ್ಣ ಹಾಕದ ಕಾಡುರೇಷ್ಮೆ, ಸೆರಗು ಅದೇ ಹುಳುವಿನ ಗೂಡಿನಿಂದ ಕೈಯಲ್ಲಿ ಎಳೆದ ಘಿಚಾ ನೂಲು. ಮೈಸೂರು ರೇಷ್ಮೆಯ ನಯಕ್ಕೆ ಒಗ್ಗಿದವರಿಗೆ ಇದು ಒರಟೆನಿಸುತ್ತದೆ. ಹೊಂಗಂದು ಬಣ್ಣವೂ ಎಲ್ಲೆಡೆ ಸಮನಾಗಿಲ್ಲ. ಇವನ್ನು ನೇಯ್ಗೆಯ ದೋಷವೆಂದು ತಿಳಿಯಬಾರದು, ಹುಳುವಿನ ಬದುಕೇ ಹಾಗಿದೆ.

ಆಂಥೀರಿಯಾ ಮೈಲಿಟ್ಟಾ ಎಂಬ ಈ ಟಸ್ಸಾರ್ ಹುಳುವನ್ನು ಹಿಪ್ಪುನೇರಳೆ ಹುಳುವಿನಂತೆ ಮನೆಯೊಳಗಿಟ್ಟು ಸಾಕುವುದಿಲ್ಲ. ಜಾರ್ಖಂಡ್, ಛತ್ತೀಸ್‌ಗಢ, ಒಡಿಶಾಗಳ ಕಾಡಂಚಿನ ಮತ್ತಿ, ಹೊಳೆಮತ್ತಿ ಮರಗಳ ಮೇಲೆಯೇ ಮರಿಹುಳುಗಳನ್ನು ಬಿಡುತ್ತಾರೆ. ಬಸ್ತರದ ಸಾಲವೃಕ್ಷಗಳಿಂದ ‘ರೈಲಿ’ ಎಂಬ ಕಾಡುಬಗೆಯ ಗೂಡುಗಳನ್ನು ಆಯ್ದು ತರುವುದೂ ಉಂಟು. ಇರುವೆ, ಕಣಜ, ಹಕ್ಕಿಗಳ ಬಾಯಿಂದ ಪಾರಾಗಿ ನಾಲ್ಕು ಸಲ ಪೊರೆ ಕಳಚಿದ ಹುಳು, ರೆಂಬೆಗೆ ರೇಷ್ಮೆಯದೇ ತೊಟ್ಟೊಂದನ್ನು ಬಿಗಿದು, ಅದರ ತುದಿಯಲ್ಲಿ ಒಣಗಿದ ಕಾಯಿಯಷ್ಟು ಗಟ್ಟಿಯಾದ ಗೂಡು ಕಟ್ಟುತ್ತದೆ. ವರ್ಷದ ಕೊನೆಯ ಬೆಳೆಯ ಕೋಶವು (ಗೂಡಿನೊಳಗೆ ಪತಂಗವಾಗಲು ಕಾದಿರುವ ಹುಳು) ಚಳಿಗಾಲ, ಬೇಸಿಗೆಗಳನ್ನು ಒಳಗೇ ಕಳೆದು ಮುಂಗಾರಿನ ಹೊತ್ತಿಗೆ ಪತಂಗವಾಗಬೇಕಾದ್ದರಿಂದ ಗೂಡಿಗೆ ಆ ಬಿರುಸು ಬೇಕೇ ಬೇಕು. ನೂಲು ಬಿಚ್ಚಲು ಅದನ್ನು ಸೋಡಾ ಹಾಕಿ ಬೇಯಿಸುತ್ತಾರೆ. ಚಪ್ಪಟೆ ಎಳೆಯ ಸಹಜ ಬಣ್ಣ ಆಗಲೂ ಪೂರ್ತಿ ಹೋಗುವುದಿಲ್ಲ.

ಸೀರೆಯ ಹೆಚ್ಚುಗಾರಿಕೆಯಿರುವುದು ಸೆರಗಿನಲ್ಲಿ. ಪತಂಗವು ಕಿಣ್ವವೊಂದನ್ನು ಒಸರಿ, ಗೂಡಿನ ತುದಿಯನ್ನು ಮೆದುಗೊಳಿಸಿ, ಎಳೆಗಳನ್ನು ಸರಿಸಿ ಹೊರಬರುತ್ತದೆ. ತಿನ್ನಲು ಬಾಯಿಯೇ ಬೆಳೆದಿರದ ಅದು ಕೂಡಿ, ಹೆಣ್ಣಾದರೆ ಸುಮಾರು 200 ಮೊಟ್ಟೆಯಿಟ್ಟು, ಕೆಲವೇ ದಿನಗಳಲ್ಲಿ ಸಾಯುತ್ತದೆ. ಹೀಗೆ ತೂತಾದ ಗೂಡುಗಳಿಂದ, ಜೊತೆಗೆ ಬಿಚ್ಚಲು ಬಾರದ ಕಳಪೆ ಗೂಡುಗಳಿಂದ, ಹೆಂಗಸರು ಕೈಯಲ್ಲಿ ಎಳೆದು ತೆಗೆಯುವ ಗಂಟುಗಂಟಾದ ನೂಲು ಘಿಚಾ. ಬೆಳಕು ಬಿದ್ದಾಗ ಅದಕ್ಕಿರುವ ಮಂದ ಹೊಳಪು ಯಂತ್ರದ ನೂಲಿಗೆ ಬರಲಾರದು.

ನನ್ನ ಆಕ್ಷೇಪವಿರುವುದು ಸೀರೆಗೆ ಕಟ್ಟಿದ ಚೀಟಿಯ ಬಗ್ಗೆ. ಮಾರಾಟಗಾರರು ಇಡೀ ಸೀರೆಯನ್ನು ‘ಅಹಿಂಸಾ ರೇಷ್ಮೆ’, ಅಂದರೆ ಹುಳುವನ್ನು ಕೊಲ್ಲದೆ ತೆಗೆದದ್ದು, ಎಂದಿದ್ದಾರೆ. ಆದರೆ ಒಡಲಿನ ಅಖಂಡ ನೂಲು ಬರುವುದು ಪತಂಗ ಹೊರಬರುವ ಮೊದಲೇ ಕೋಶವನ್ನು ಕೊಂದು ಬಿಚ್ಚಿದ ಗೂಡಿನಿಂದ. ಘಿಚಾಕ್ಕೆ ಹುರಿ ಇಲ್ಲದ ಕಾರಣ ಅದನ್ನು ಸಾಮಾನ್ಯವಾಗಿ ಹೊಕ್ಕಿಗೆ ಮಾತ್ರ ಬಳಸುತ್ತಾರೆ. ಸೆರಗಿನಲ್ಲಿಯೂ ಹಾಸು ಅದೇ ಬಿಚ್ಚಿದ ಟಸ್ಸಾರ್. ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯಿರುವ ರೇಷ್ಮೆ ಮಂಡಳಿಯ ಸಿಲ್ಕ್ ಮಾರ್ಕ್ ಕೂಡ ಶುದ್ಧ ರೇಷ್ಮೆಯೆಂಬುದಕ್ಕಷ್ಟೇ ಖಾತರಿ ಕೊಡುತ್ತದೆ, ಹುಳು ಉಳಿಯಿತೆಂಬುದಕ್ಕಲ್ಲ.

ಉಡುವುದಕ್ಕೆ ಇದು ಹಗುರ, ನೆರಿಗೆ ಬಿಗಿಯಾಗಿ ನಿಲ್ಲುತ್ತದೆ. ಆದರೆ ಬಳೆ ತಗುಲಿದರೆ ಸೆರಗಿನ ಎಳೆ ಏಳುತ್ತದೆ. ಬಟ್ಟೆಗಾಗಿ ಕೊಳ್ಳುವವರು ಧಾರಾಳವಾಗಿ ಕೊಳ್ಳಬಹುದು. ಅಹಿಂಸೆಗಾಗಿಯೇ ಕೊಳ್ಳುವವರು ಎರಿ ರೇಷ್ಮೆಯನ್ನು ವಿಚಾರಿಸುವುದು ಲೇಸು. ಆ ಗೂಡಿನ ಒಂದು ತುದಿ ಮೊದಲಿನಿಂದಲೂ ತೆರೆದೇ ಇರುತ್ತದೆ.