ಮೂರು ವರ್ಷ ಬಳಸಿದ ಮಿಕ್ಸ್ಡ್ ಮೀಡಿಯಾ ಕಾರ್ಡ್ ಕಿಟ್: ಯಾವುದು ಖಾಲಿಯಾಯಿತು, ಯಾವುದು ಹಾಗೇ ಉಳಿಯಿತು

ನಮ್ಮ ಧಾರವಾಡದ ಕಡೆ ಸಂಕ್ರಾಂತಿಗೆ ಶುಭಾಶಯ ಪತ್ರದೊಳಗೆ ಚಿಟಿಕೆ ಕುಸುರೆಳ್ಳು (ಸಕ್ಕರೆ ಪಾಕ ಹಿಡಿಸಿ ಮೈಮೇಲೆ ಮುಳ್ಳೆಬ್ಬಿಸಿದ ಎಳ್ಳು) ಇಟ್ಟು ಅಂಚೆಗೆ ಹಾಕುವ ರೂಢಿ ಇತ್ತು. ಅವ್ವ ಚಳಿಗಾಲದಲ್ಲಿ ಒಲೆ ಮುಂದೆ ಕೂತು ಕುಸುರೆಳ್ಳು ಮಾಡಿ, ಪುಟ್ಟ ಪೊಟ್ಟಣ ಕಟ್ಟಿ, ಊರೂರಿನ ನೆಂಟರಿಗೆ ಕಳಿಸುತ್ತಿದ್ದಳು. ಕುಸುರೆಳ್ಳು ಮನೆಯದು, ಕಾರ್ಡ್ ಅಂಗಡಿಯದು. ಆ ಕಾರ್ಡನ್ನೂ ಕೈಯಲ್ಲೇ ಮಾಡಬೇಕು ಅಂತ ನನಗೆ ಬಹಳ ದಿನದಿಂದ ಆಸೆ. 2022ರ ನವೆಂಬರ್‌ನಲ್ಲಿ ಆನ್‌ಲೈನ್‌ನಲ್ಲಿ ಈ ಮಿಕ್ಸ್ಡ್ ಮೀಡಿಯಾ ಕಿಟ್, ಅಂದರೆ ಕಾಗದ, ಬಣ್ಣ, ಪೇಸ್ಟ್, ಸ್ಟಾಂಪ್ ಎಲ್ಲ ಬೆರೆಸಿ ಕಾರ್ಡ್ ಮಾಡುವ ಸಾಮಾನು, ತರಿಸಿದೆ. ಆಗ 2,350 ರೂಪಾಯಿ. ಹೀಟ್ ಗನ್ (ಬಿಸಿ ಗಾಳಿ ಊದುವ ಸಾಧನ) ಬೇರೆ ಕೊಳ್ಳಬೇಕು, ಅದಕ್ಕೆ ಆಗ ಮತ್ತೆ 900.

ಡಬ್ಬಿ ಬಿಚ್ಚಿದ ದಿನ ಬರೆದ ವಿಮರ್ಶೆಗಳು ಬೇಕಾದಷ್ಟು ಸಿಗುತ್ತವೆ. ಮೂರು ಮಳೆಗಾಲ, ಮೂರು ಬೇಸಿಗೆ ದಾಟಿದ ಮೇಲೆ ಏನಾಯಿತು ಅಂತ ಹೇಳುವವರು ಕಡಿಮೆ. ಅದಕ್ಕೇ ಇಷ್ಟು ತಡವಾಗಿ ಬರೆಯುತ್ತಿದ್ದೇನೆ.

ಒಳಗೆ ಇದ್ದದ್ದು ಇಷ್ಟು: 300 ಜಿಎಸ್ಎಂನ (ಚದರ ಮೀಟರಿಗೆ 300 ಗ್ರಾಂ ತೂಗುವ) ಎ5 ಹಾಳೆ ಇಪ್ಪತ್ತು, ಉಡುಗೊರೆಗೆ ಕಟ್ಟುವ, ತೂತು ಹಾಕಿದ ಟ್ಯಾಗ್ ಮೂವತ್ತು, ಒಂದು ಡಬ್ಬಿ ಗೆಸ್ಸೊ, ಉಬ್ಬು ಚಿತ್ರ ಮೂಡಿಸುವ ಒಂದು ಟೆಕ್ಸ್ಚರ್ ಪೇಸ್ಟ್, ನಾಲ್ಕು ಸ್ಟೆನ್ಸಿಲ್ (ಚಿತ್ರ ಕೊರೆದ ಅಚ್ಚು ಹಾಳೆ), ಮೂರು ಇಂಕ್ ಪ್ಯಾಡ್, ಪಾರದರ್ಶಕ ಸ್ಟಾಂಪ್‌ಗಳ ಒಂದು ಹಾಳೆ, ಎಂಬಾಸಿಂಗ್ ಪುಡಿ, ಸಣಬಿನ ದಾರ, ವಾಶಿ ಟೇಪ್ (ಚಿತ್ತಾರದ ಕಾಗದದ ಅಂಟುಪಟ್ಟಿ), ಆಮೇಲೆ ಒಂದು ಚೀಲದ ತುಂಬ ಪ್ಲಾಸ್ಟಿಕ್ ಮುತ್ತು, ಕಾಗದದ ಹೂವು, ಬಟನ್.

ಇದರಲ್ಲಿ ಮೊದಲು ಖಾಲಿಯಾದದ್ದು ಗೆಸ್ಸೊ. ಈಗ ನಾಲ್ಕನೇ ಡಬ್ಬಿ ನಡೆಯುತ್ತಿದೆ. ಮುತ್ತು, ಹೂವಿನ ಚೀಲ ಮುಕ್ಕಾಲು ಪಾಲು ಹಾಗೇ ಇದೆ.

ಗೆಸ್ಸೊ ಅಂದರೆ ಗೊತ್ತಿಲ್ಲದವರಿಗೆ: ಚಾಕ್ ಪುಡಿ, ಬಿಳಿ ಬಣ್ಣ, ಅಕ್ರಿಲಿಕ್ ಅಂಟು ಸೇರಿದ ದಪ್ಪ ಬಳಿತ. ಕ್ಯಾನ್ವಾಸಿಗೆ ಚಿತ್ರ ಬರೆಯುವ ಮುಂಚೆ ಬಳಿಯುತ್ತಾರಲ್ಲ, ಅದೇ. ಮೊದಲ ಸಲ ನೋಡಿದಾಗ ಅವ್ವ, "ಇದೇನವ್ವಾ, ಗ್ವಾಡಿಗೆ ಸುಣ್ಣಾ ಬಳದಂಗ ಬಳ್ಯಾಕತ್ತೀದಿ" ಅಂದಳು. ಕೆಲಸವೂ ಹೆಚ್ಚುಕಡಿಮೆ ಅದೇ. ಕೆಳಗಿರುವುದನ್ನು ಮುಚ್ಚುತ್ತದೆ, ಮೇಲೆ ಬರುವ ಬಣ್ಣಕ್ಕೆ ಹಿಡಿತ ಕೊಡುತ್ತದೆ. ನುಣುಪಾದ ಕಾಗದದ ಮೇಲೆ ಜಾರಿಹೋಗುವ ಬಣ್ಣ, ಗೆಸ್ಸೊ ಮೇಲೆ ನಿಲ್ಲುತ್ತದೆ.

ಕಿಟ್‌ನ ಹಾಳೆ ಎರಡೇ ತಿಂಗಳಲ್ಲಿ ಮುಗಿದವು. ಅಂಥದ್ದೇ ಹಾಳೆ ಮತ್ತೆ ತರಿಸಬೇಕೆಂದರೆ ದುಬಾರಿ. ಅಷ್ಟರಲ್ಲಿ ಕಪಾಟಿನಲ್ಲಿದ್ದ ಲಗ್ನಪತ್ರಿಕೆಗಳ ಕಟ್ಟು ಕಣ್ಣಿಗೆ ಬಿತ್ತು. ಎಲ್ಲರ ಮನೆಯಲ್ಲೂ ಇರುತ್ತವೆ, ಅಲ್ವಾ? ಮೇಲೆ ದೇವರ ಚಿತ್ರ ಇರುತ್ತದೆ, ಕಸಕ್ಕೆ ಹಾಕಲು ಮನಸ್ಸು ಬರುವುದಿಲ್ಲ. ಒಳ್ಳೆ ಗಟ್ಟಿ ಕಾಗದ ಬೇರೆ. ದೇವರ ಚಿತ್ರವನ್ನು ಕತ್ತರಿಸಿ ಬೇರೆ ಎತ್ತಿಟ್ಟು, ಉಳಿದ ಭಾಗಕ್ಕೆ ಗೆಸ್ಸೊ ಹಚ್ಚಿ ನೋಡಿದೆ. ಮೊದಲ ಪತ್ರಿಕೆಯಲ್ಲಿ ಗೆಸ್ಸೊ ಒಣಗಿದ ಮೇಲೆ ಉಗುರಿನಿಂದ ಕೆರೆದರೆ ಹಾಳೆ ಹಾಳೆಯಾಗಿ ಎದ್ದುಬಂತು. ಅದಕ್ಕೆ ಲ್ಯಾಮಿನೇಷನ್ ಆಗಿತ್ತು. ಅಂಥ ಕಾಗದವನ್ನು ಮೊದಲು ಸಣ್ಣ ಉಸುಕು ಕಾಗದದಿಂದ ಉಜ್ಜಿ, ಹೊಳಪು ತೆಗೆದು, ಒರೆಸಿ, ಆಮೇಲೆ ಎರಡು ತೆಳು ಕೋಟ್ ಹಚ್ಚಬೇಕು. ಒಂದೇ ದಪ್ಪ ಕೋಟ್ ಹಚ್ಚಿದರೆ ಮಡಚುವಾಗ ಬಿರಿಯುತ್ತದೆ.

ಪೇಡೆ ಡಬ್ಬಿ ಇನ್ನೂ ಸುಲಭ. ಅದು ಡುಪ್ಲೆಕ್ಸ್ ಬೋರ್ಡು. ಒಂದು ಕಡೆ ಹೊಳಪು, ಇನ್ನೊಂದು ಕಡೆ ಬೂದು ಬಣ್ಣ. ಆ ಬೂದು ಕಡೆ ಗೆಸ್ಸೊ ಉಜ್ಜದೆಯೇ ಹಿಡಿಯುತ್ತದೆ. ಆದರೆ ಜಿಡ್ಡು ಇಳಿದ ಡಬ್ಬಿ ಬೇಡ. ಎಷ್ಟು ಕೋಟ್ ಹಚ್ಚಿದರೂ ಆ ಕಲೆ ಮೇಲೆ ಬರುತ್ತದೆ. ನನ್ನ ಅರ್ಧ ಟ್ಯಾಗ್‌ಗಳು ಈಗ ಪೇಡೆ ಡಬ್ಬಿಯವೇ.

ಕಾಗದ ಒಂದು ಕಡೆ ಒದ್ದೆಯಾದರೆ ಬಿಲ್ಲಿನಂತೆ ಬಾಗುತ್ತದೆ. ಕಿಟ್ ಜೊತೆ ಬಂದ ಚೀಟಿಯಲ್ಲಿ ಇದರ ಸುದ್ದಿಯೇ ಇಲ್ಲ. ಹಿಂದೆಯೂ ಒಂದು ತೆಳು ಕೋಟ್ ಹಚ್ಚಿದರೆ ಎರಡೂ ಕಡೆ ಎಳೆತ ಸಮ ಆಗುತ್ತದೆ. ಪೂರ್ತಿ ಒಣಗಿದ ಮೇಲೆ ಬಟರ್ ಪೇಪರ್ ನಡುವೆ ಇಟ್ಟು, ಮೇಲೆ ಭಾರದ ಪುಸ್ತಕ ಹೇರಿ ರಾತ್ರಿ ಬಿಟ್ಟರೆ ನೆಟ್ಟಗಾಗುತ್ತದೆ.

ಒಣಗುವ ಹೊತ್ತು ಊರ ಮೇಲೆ ನಿಂತಿದೆ. ಏಪ್ರಿಲ್‌ನಲ್ಲಿ ಹತ್ತು ನಿಮಿಷ ಸಾಕು. ಜುಲೈನಲ್ಲಿ ಧಾರವಾಡದ ಜಿಟಿಜಿಟಿ ಮಳೆ ಹಿಡಿದಾಗ ಮೂರು ತಾಸಾದರೂ ತಣ್ಣಗೇ ಇರುತ್ತದೆ. ಬೆರಳಿಗೆ ಅಂಟುವುದಿಲ್ಲ, ಆದರೆ ಕೆನ್ನೆಗೆ ಇಟ್ಟು ನೋಡಿದರೆ ತಂಪು ಗೊತ್ತಾಗುತ್ತದೆ. ತಂಪು ಇದ್ದರೆ ಒಳಗೆ ನೀರಿದೆ ಅಂತ ಅರ್ಥ. ಆಗ ಮುಂದಿನ ಕೋಟ್ ಹಚ್ಚಬೇಡಿ. ತವರುಮನೆ ಗದಗಿಗೆ ಹೋದಾಗ ಇದೇ ಕೆಲಸ ಬೇಗ ಆಗುತ್ತದೆ. ಅಲ್ಲಿ ಹವೆ ಒಣ.

ಗದಗದ ಮಾತು ಬಂತು. ಗದಗ-ಬೆಟಗೇರಿ ಪ್ರಿಂಟಿಂಗ್ ಪ್ರೆಸ್‌ಗಳಿಗೆ ಹೆಸರಾದ ಊರು. ಅಲ್ಲಿನ ಒಂದು ಪ್ರೆಸ್‌ನಲ್ಲಿ ಕಟಿಂಗ್ ಮಷೀನ್ ಕೆಳಗೆ ಬಿದ್ದ ಪಟ್ಟಿಗಳನ್ನು ತೂಕದ ಲೆಕ್ಕದಲ್ಲಿ ಕೊಡುತ್ತಾರೆ. ಐವರಿ ಕಾರ್ಡ್, ಆರ್ಟ್ ಕಾರ್ಡ್, ಕ್ರಾಫ್ಟ್ ಪೇಪರ್ ಎಲ್ಲ ಬೆರೆತಿರುತ್ತದೆ. ಟ್ಯಾಗ್‌ಗೆ ಎರಡು ಇಂಚು ಅಗಲದ ಪಟ್ಟಿ ಸಾಕಲ್ಲ! ನಾನು ಒಮ್ಮೆ ಅಲ್ಲೇ ಒಂದು ಕಾರ್ಡ್ ಮಡಚಿ ನೋಡುತ್ತಿದ್ದೆ. ಮಡಿಕೆ ಗರಗಸದ ಹಲ್ಲಿನಂತೆ ಬಿರಿಯಿತು. ಮಷೀನ್ ಮುಂದಿದ್ದ ಹಿರಿಯರು ಕೆಲಸ ಬಿಟ್ಟು ಬಂದು, "ಗ್ರೇನ್ ನೋಡಿ ಮಡಚ್ರೀ ಅಕ್ಕಾರ. ಕಾಗದಕ್ಕೂ ಎಳಿ ಇರ್ತಾವ್ರೀ, ಬಟ್ಟೀಗೆ ಇದ್ದಂಗ" ಅಂದರು. ಹಾಳೆಯನ್ನು ಎರಡೂ ದಿಕ್ಕಿಗೆ ಮೆಲ್ಲಗೆ ಬಾಗಿಸಿ ತೋರಿಸಿದರು. ಯಾವ ಕಡೆ ಸುಲಭವಾಗಿ ಬಾಗುತ್ತದೋ, ಮಡಿಕೆ ಆ ಗುಂಟ ಬರಬೇಕು. ಮಡಚುವ ಮುಂಚೆ ಗೆರೆ ಒತ್ತಬೇಕು, ಪ್ರೆಸ್‌ನವರು ಕ್ರೀಸಿಂಗ್ ಅನ್ನುವುದು ಅದನ್ನೇ. ನಾನು ರೀಫಿಲ್ ಖಾಲಿಯಾದ ಬಾಲ್ ಪೆನ್ನಿನಿಂದ ಸ್ಕೇಲ್ ಹಿಡಿದು ಒತ್ತುತ್ತೇನೆ. ಅವರು ಹೇಳಿದ ಆ ಎರಡು ಮಾತು ನನ್ನ ಪ್ರತಿ ಕಾರ್ಡಿನಲ್ಲೂ ಇದೆ.

ಇನ್ನು ಒಂದು ದೊಡ್ಡ ನಷ್ಟದ ಸುದ್ದಿ. 2023ರ ಮೇನಲ್ಲಿ ನಾದಿನಿ ಮಗಳ ಮದುವೆ, ಹಾವೇರಿಯಲ್ಲಿ. ಬಂದವರಿಗೆ ಕೊಡುವ ಉಡುಗೊರೆಗೆ ಕಟ್ಟಲು ಎಂಬತ್ತು ಟ್ಯಾಗ್ ಮಾಡಿದ್ದೆ. ಗೆಸ್ಸೊ, ಮೇಲೆ ಬಣ್ಣ, ಮೇಲೆ ಹೊಳಪಿನ ಕೋಟ್. ಹದಿನೈದು ದಿನದ ಕೆಲಸ. ಒಂದರ ಮೇಲೊಂದು ಜೋಡಿಸಿ ಸ್ಟೀಲ್ ಡಬ್ಬಿಯಲ್ಲಿ ಇಟ್ಟು ಒಯ್ದೆ. ಬಿಸಿಲಲ್ಲಿ ಡಬ್ಬಿ ಕಾದಿತ್ತು. ತೆರೆದು ನೋಡಿದರೆ ಟ್ಯಾಗ್‌ಗಳೆಲ್ಲ ಇಟ್ಟಿಗೆಯಂತೆ ಒಂದಾಗಿ ಅಂಟಿದ್ದವು. ಬಿಡಿಸಿದರೆ ಒಂದರ ಬಣ್ಣ ಇನ್ನೊಂದಕ್ಕೆ ಬಂತು. ಅತ್ತುಬಿಟ್ಟೆ. ವೈನಿ ಪಕ್ಕ ಕೂತು, ಚೆನ್ನಾಗಿ ಉಳಿದದ್ದನ್ನು ಆರಿಸಿ ಕೊಟ್ಟರು. ಮೂವತ್ತೊಂದು ಉಳಿದವು.

ಅಕ್ರಿಲಿಕ್ ಅಂದರೆ ಒಂದು ಬಗೆಯ ಪ್ಲಾಸ್ಟಿಕ್. ಒಣಗಿದ ಮೇಲೂ ಬಿಸಿಗೆ ಮೆತ್ತಗಾಗುತ್ತದೆ, ಇನ್ನೊಂದು ಅಕ್ರಿಲಿಕ್ ಮೈ ತಾಗಿದರೆ ಕಚ್ಚಿಕೊಳ್ಳುತ್ತದೆ. ಹೊಳಪಿನ ಕೋಟ್ ಇದ್ದರೆ ಇನ್ನೂ ಜಾಸ್ತಿ. ಈ ಎಚ್ಚರಿಕೆ ಕಿಟ್ ಮೇಲೆ ಇರಲೇಬೇಕಿತ್ತು. ಈಗ ನಾನು ಮಾಡುವುದು: ಹೊಳಪಿನ ಕೋಟ್ ಬಿಟ್ಟು ಮ್ಯಾಟ್ ಹಚ್ಚುತ್ತೇನೆ, ಒಂದು ವಾರ ಗಾಳಿಗೆ ಬಿಡುತ್ತೇನೆ, ಪ್ರತಿ ಟ್ಯಾಗ್ ನಡುವೆ ಬಟರ್ ಪೇಪರ್ ಇಟ್ಟು, ಮಲಗಿಸದೆ ನಿಲ್ಲಿಸಿ ಇಡುತ್ತೇನೆ. ಆಮೇಲೆ ಒಂದೂ ಅಂಟಿಲ್ಲ.

ಎಂಬಾಸಿಂಗ್ ಪುಡಿ ನನಗೆ ತುಂಬ ಇಷ್ಟ. ಒದ್ದೆ ಇಂಕ್ ಮೇಲೆ ಪುಡಿ ಉದುರಿಸಿ, ಕೊಡವಿ, ಹೀಟ್ ಗನ್ ಹಿಡಿದರೆ ಪುಡಿ ಕರಗಿ ಉಬ್ಬಿದ ಗೆರೆಯಾಗಿ ಹೊಳೆಯುತ್ತದೆ. ಆ ಕ್ಷಣ ನೂರನೇ ಸಲ ನೋಡಿದರೂ ಖುಷಿ. ಆದರೆ ಕಿಟ್‌ನ ಮೂರು ಇಂಕ್ ಪ್ಯಾಡ್‌ಗಳಲ್ಲಿ ಎರಡು ಡೈ ಇಂಕ್. ಅವು ಕೂಡಲೇ ಆರುತ್ತವೆ, ಪುಡಿ ಹಿಡಿಯುವುದಿಲ್ಲ. ನಿಧಾನ ಆರುವ ಪಿಗ್ಮೆಂಟ್ ಇಂಕ್ ಒಂದೇ ಒಂದು ಇತ್ತು. ಗೆಸ್ಸೊ ಮೇಲೂ ಡೈ ಇಂಕ್ ಕೈಗೆ ಹತ್ತಿ ಒರೆಸಿಹೋಗುತ್ತದೆ. ಹೇರ್ ಡ್ರೈಯರ್‌ನಲ್ಲಿ ಆಗುತ್ತದಾ ಅಂತ ಬಹಳ ಜನ ಕೇಳುತ್ತಾರೆ. ಆಗುವುದಿಲ್ಲ. ಅದರ ಗಾಳಿಗೆ ಪುಡಿ ಹಾರಿಹೋಗುತ್ತದೆ, ಕರಗುವಷ್ಟು ಬಿಸಿಯೂ ಬರುವುದಿಲ್ಲ. ಹೀಟ್ ಗನ್ನನ್ನು ಮೊದಲು ಕಾಗದದ ಕೆಳಗಿನಿಂದ ಹಿಡಿಯಿರಿ. ಕಾಗದದ ಮೈ ಜಿಗಿ ಇದ್ದರೆ ಬೇಡದ ಕಡೆಯೆಲ್ಲ ಪುಡಿ ಕೂರುತ್ತದೆ, ಅದಕ್ಕೆ ಮುಂಚೆ ಚೂರು ಟಾಲ್ಕಂ ಪೌಡರ್ ಒರೆಸಿದರೆ ಸರಿ ಹೋಗುತ್ತದೆ.

ಸ್ಟಾಂಪ್‌ಗಳ ಬಗ್ಗೆ ನನ್ನ ದೂರು ಹಳೆಯದು. ಎಲ್ಲ ಇಂಗ್ಲಿಷ್. ಒಂದು ಕನ್ನಡ ಅಕ್ಷರ ಇಲ್ಲ. ದಸರೆಗೆ ಬನ್ನಿ ಕೊಡುವಾಗ "ಬನ್ನಿ ತಗೊಂಡು ಬಂಗಾರದಂಗ ಇರೋಣ" ಅನ್ನುತ್ತೇವೆ. ಅದೇ ಮಾತು ಟ್ಯಾಗ್ ಮೇಲೆ ಬರಬೇಕು, ನನಗೆ ಬೇಕಾದದ್ದು ಅದು. ಇದಕ್ಕೂ ಗೆಸ್ಸೊನೇ ದಾರಿ ತೋರಿಸಿತು. ಕನ್ನಡದಲ್ಲಿ ಟೈಪ್ ಮಾಡಿ, ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ, ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಬೇಕು. ಟೋನರ್ ಪ್ರಿಂಟೇ ಆಗಬೇಕು, ಇಂಕ್‌ಜೆಟ್ ಆದರೆ ನೀರಿಗೆ ಹರಡುತ್ತದೆ. ಟ್ಯಾಗ್ ಮೇಲೆ ತೆಳುವಾಗಿ ಗೆಸ್ಸೊ ಹಚ್ಚಿ, ಒದ್ದೆ ಇರುವಾಗಲೇ ಪ್ರಿಂಟನ್ನು ಬೋರಲು ಅಂಟಿಸಿ, ಗುಳ್ಳೆ ಇಲ್ಲದಂತೆ ಒತ್ತಿ, ಒಂದು ರಾತ್ರಿ ಬಿಡಿ. ಬೆಳಿಗ್ಗೆ ಮೇಲೆ ನೀರು ಸವರಿ, ಬೆರಳಿನಿಂದ ಉಜ್ಜುತ್ತ ಹೋದರೆ ಕಾಗದ ಸುರುಳಿ ಸುರುಳಿಯಾಗಿ ಬಿಡುತ್ತದೆ, ಅಕ್ಷರ ಉಳಿಯುತ್ತದೆ. ಒಣಗಿದಾಗ ಬಿಳಿ ಮಸುಕು ಕಂಡರೆ ಮತ್ತೊಮ್ಮೆ ಉಜ್ಜಬೇಕು. ಒತ್ತಕ್ಷರ, ದೀರ್ಘದ ಸಣ್ಣ ಬಾಲ ಮೊದಲು ಕಿತ್ತುಬರುತ್ತವೆ. ಹಾಗಾಗಿ ದಪ್ಪ ಫಾಂಟ್ ಆರಿಸಿ.

ಟ್ಯಾಗ್ ಮೇಲೆ ಕಸೂತಿ ಹಾಕುವುದು ಕಿಟ್‌ನಲ್ಲಿ ಇಲ್ಲದ್ದು, ನನ್ನದೇ ಸೇರ್ಪಡೆ. ಧಾರವಾಡದ ಕಸೂತಿಯ ನಾಲ್ಕು ಹೊಲಿಗೆಗಳಲ್ಲಿ ಗವಂತಿ ಕಾಗದಕ್ಕೆ ಹೇಳಿ ಮಾಡಿಸಿದ್ದು. ಹೋಗುತ್ತ ಒಂದು ಬಿಟ್ಟು ಒಂದು, ಬರುತ್ತ ಬಿಟ್ಟದ್ದನ್ನು ತುಂಬುವುದು. ಎರಡೂ ಕಡೆ ಒಂದೇ ರೀತಿ ಕಾಣುತ್ತದೆ, ಗಂಟು ಇರುವುದಿಲ್ಲ. ದಾರದಲ್ಲಿ ತೂಗುವ ಟ್ಯಾಗ್ ಎರಡೂ ಕಡೆ ಕಾಣುತ್ತದಲ್ಲ, ಅದಕ್ಕೆ ಇದಕ್ಕಿಂತ ಬೇರೆ ಬೇಕಿಲ್ಲ. ಬಟ್ಟೆಯಲ್ಲಿ ಎಳೆ ಎಣಿಸಿ ಹಾಕುತ್ತೇವೆ, ಕಾಗದದಲ್ಲಿ ಎಣಿಸಲು ಎಳೆ ಕಾಣುವುದಿಲ್ಲ. ಗ್ರಾಫ್ ಹಾಳೆ ಮೇಲಿಟ್ಟು, ಕೆಳಗೆ ಹಳೆ ಚಪ್ಪಲಿಯ ರಬ್ಬರ್ ಇಟ್ಟು, ಸೂಜಿಯಿಂದ ಮೊದಲೇ ತೂತು ಮಾಡಿಕೊಳ್ಳಬೇಕು. ತೂತುಗಳ ನಡುವೆ 3 ಮಿಲಿಮೀಟರ್ ಇರಲಿ. ಹತ್ತಿರ ಹತ್ತಿರ ಚುಚ್ಚಿದರೆ ಅಂಚೆಚೀಟಿಯಂತೆ ಹರಿದು ಬರುತ್ತದೆ. ತುಳಸಿಕಟ್ಟೆ, ಗೋಪುರ ಸಲೀಸಾಗಿ ಬರುತ್ತವೆ. ಆನೆಗೆ ಟ್ಯಾಗ್ ಸಾಲುವುದಿಲ್ಲ.

ಸ್ಟೆನ್ಸಿಲ್‌ಗಳು ಗಟ್ಟಿ ಇವೆ, ಇನ್ನೂ ಚೆನ್ನಾಗಿವೆ. ಪೇಸ್ಟ್ ಬಳಸಿದ ಕೂಡಲೇ ತೊಳೆಯಬೇಕು. ಟೆಕ್ಸ್ಚರ್ ಪೇಸ್ಟ್ ಡಬ್ಬಿ ವರ್ಷದೊಳಗೆ ಗಟ್ಟಿಯಾಗಿ ಹೋಯಿತು. ಗೆಸ್ಸೊ ಕೂಡ ಹಾಗಾಗುತ್ತದೆ, ಮುಚ್ಚಳದ ಕೆಳಗೆ ಪ್ಲಾಸ್ಟಿಕ್ ಹಾಳೆ ಇಟ್ಟು ಮುಚ್ಚಿದರೆ ಬಹಳ ದಿನ ಬಾಳುತ್ತದೆ. ವಾಶಿ ಟೇಪ್ ಮಳೆಗಾಲದಲ್ಲಿ ತುದಿ ಏಳುತ್ತದೆ, ಅದನ್ನು ಬಿಟ್ಟಿದ್ದೇನೆ. ಮಾರಿದವರ ಸೇವೆ ಪರವಾಗಿಲ್ಲ. ಕಿಟ್‌ನಲ್ಲಿ ಒಂದು ಇಂಕ್ ಪ್ಯಾಡ್ ಒಣಗಿ ಬಂದಿತ್ತು, ಫೋಟೋ ಕಳಿಸಿದ ಮೇಲೆ ಹನ್ನೊಂದು ದಿನಕ್ಕೆ ಬೇರೆ ಕಳಿಸಿದರು.

ಅಂಚೆಗೆ ಹಾಕುವವರಿಗೆ ಒಂದು ಲೆಕ್ಕ. 300 ಜಿಎಸ್ಎಂನ ಎ5 ಹಾಳೆ ಒಂದಕ್ಕೆ 9 ಗ್ರಾಂ ಚಿಲ್ಲರೆ ತೂಕ. ಗೆಸ್ಸೊ, ಪೇಸ್ಟ್, ಲಕೋಟೆ, ಕುಸುರೆಳ್ಳು ಸೇರಿದರೆ 20 ಗ್ರಾಂ ಸುಲಭವಾಗಿ ದಾಟುತ್ತದೆ, ದಾಟಿದರೆ ಹೆಚ್ಚು ಚೀಟಿ ಹಚ್ಚಬೇಕು. ತೂಗಿಸಿಯೇ ಹಾಕಿ, ಇಲ್ಲದಿದ್ದರೆ ಪಡೆದವರು ದುಡ್ಡು ಕೊಡಬೇಕಾಗುತ್ತದೆ.

ಕುಸುರೆಳ್ಳು ಪುಡಿಯಾಗದಂತೆ ಕಳಿಸುವುದು ಕಲಿಯಲು ನನಗೆ ಎರಡು ಸಂಕ್ರಾಂತಿ ಹಿಡಿಯಿತು. ಸಕ್ಕರೆ ತೇವ ಎಳೆಯುತ್ತದೆ, ಕಾಗದಕ್ಕೆ ನೇರ ತಾಗಿದರೆ ಕಲೆ. ಬಟರ್ ಪೇಪರ್‌ನ ಚಪ್ಪಟೆ ಪೊಟ್ಟಣ ಮಾಡಿ, ಕಾಳು ಒಂದೇ ಪದರ ಹರಡುತ್ತೇನೆ. ಪೇಡೆ ಡಬ್ಬಿಯ ಬೋರ್ಡನ್ನು ಕಿಟಕಿಯಂತೆ ಕತ್ತರಿಸಿ, ನಾಲ್ಕು ಪದರ ಅಂಟಿಸಿ, ಆ ಚೌಕಟ್ಟಿನೊಳಗೆ ಪೊಟ್ಟಣ ಕೂರಿಸುತ್ತೇನೆ. ಒತ್ತಡವೆಲ್ಲ ಚೌಕಟ್ಟಿನ ಮೇಲೆ ಬೀಳುತ್ತದೆ. 2025ರ ಜನವರಿಯಲ್ಲಿ ಇಪ್ಪತ್ತಾರು ಕಾರ್ಡ್ ಹೀಗೆ ಹೋದವು. ಪುಣೆಯಲ್ಲಿರುವ ಕಾಕಾ ಫೋನ್ ಮಾಡಿ, "ಕುಸುರೆಳ್ಳಿನ ಮುಳ್ಳು ಸೈತ ಮುರದಿಲ್ಲವಾ" ಅಂದರು. ಅವ್ವನಿಗೆ ಫೋನ್ ಕೊಟ್ಟೆ, ಇನ್ನೊಮ್ಮೆ ಹೇಳಿಸಿದೆ.

ಮತ್ತೆ ಇದೇ ಕಿಟ್ ಕೊಳ್ಳುತ್ತೀರಾ ಅಂದರೆ, ಇಲ್ಲ. ಗೆಸ್ಸೊ ದೊಡ್ಡ ಡಬ್ಬಿ ಒಂದು, ಕಪ್ಪು ಪಿಗ್ಮೆಂಟ್ ಇಂಕ್ ಒಂದು, ಬಂಗಾರ ಬಣ್ಣದ ಎಂಬಾಸಿಂಗ್ ಪುಡಿ ಒಂದು, ಬಿಡಿಬಿಡಿಯಾಗಿ ತರಿಸುತ್ತೇನೆ. ಹೀಟ್ ಗನ್‌ಗೆ ಕೊಟ್ಟ ದುಡ್ಡು ಸಾರ್ಥಕ. ಹೊಸದಾಗಿ ಶುರು ಮಾಡುವವರು, ಸ್ಟೆನ್ಸಿಲ್, ಇಂಕ್, ಪೇಸ್ಟ್ ಎಲ್ಲ ಒಮ್ಮೆ ಕೈಯಲ್ಲಿ ಹಿಡಿದು ನೋಡಬೇಕು ಅನ್ನುವವರು, ಕಿಟ್ ತರಿಸಬಹುದು. ಐದಕ್ಕೆ ಮೂರೂವರೆ ಕೊಡುತ್ತೇನೆ. ಕನ್ನಡ ಸ್ಟಾಂಪ್ ಹಾಳೆ ಒಂದು ಸೇರಿಸಿದ ದಿನ ಇನ್ನರ್ಧ ಜಾಸ್ತಿ ಕೊಡುತ್ತೇನೆ.