ಎದೆಯುರಿ ಇರುವವರು ಸ್ಲೀವ್ ಸರ್ಜರಿಗೆ ಹೂಂ ಅನ್ನುವ ಮೊದಲು ಓದಿ

ಹೊಟ್ಟೆಯ (ಜಠರದ) ಬಹುಭಾಗ ಕತ್ತರಿಸಿ ತೂಕ ಇಳಿಸುವ ಸ್ಲೀವ್ ಸರ್ಜರಿ ಬಗ್ಗೆ ಯೋಚನೆ ಮಾಡುತ್ತಿದ್ದರೆ, ಅದರಲ್ಲೂ ನಿಮಗೆ ಎದೆಯುರಿ, ಹುಳಿತೇಗು ಇದ್ದರೆ, ದಯವಿಟ್ಟು ಪೂರ್ತಿ ಓದಿ. ಬರೆಯುವುದಕ್ಕೆ ನಾಚಿಕೆ ಆಗುತ್ತಿದೆ. ಮನೆಯವರ ಹತ್ತಿರ ಕೂಡ ಎಲ್ಲ ಹೇಳಿಕೊಂಡಿಲ್ಲ. ಆದರೆ ನಾನು ಸುಮ್ಮನಿದ್ದರೆ ಅದೇ ಕುರ್ಚಿಯಲ್ಲಿ ಇನ್ನೊಬ್ಬರನ್ನು ಕೂರಿಸಿ ಇದೇ ಮಾತು ಹೇಳುತ್ತಾರೆ.

ಮೊದಲ ಭೇಟಿ ಹೇಗಿರುತ್ತದೆ ಅಂತ ಗೊತ್ತಲ್ವಾ? ಸರ್ಜನ್ ಸಿಗುವ ಮೊದಲು ಕೌನ್ಸೆಲರ್. ಎತ್ತರ, ತೂಕ, ಕ್ಯಾಲ್ಕ್ಯುಲೇಟರ್. ಬಿಎಂಐ 36 ಬಂತು. "ನೀವು ಪರ್ಫೆಕ್ಟ್ ಕ್ಯಾಂಡಿಡೇಟ್" ಅಂದರು. ನಂಬರ್ ಬಗ್ಗೆ ನನ್ನ ತಕರಾರಿಲ್ಲ. 1991ರ ನಿಯಮದಲ್ಲಿ ಬಿಎಂಐ 40 ಇರಬೇಕಿತ್ತು, ಇಲ್ಲವೇ 35ರ ಜೊತೆಗೆ ಡಯಾಬಿಟಿಸ್, ಬಿಪಿ ಥರದ ಕಾಯಿಲೆ ಇರಬೇಕಿತ್ತು. 2022ರಲ್ಲಿ ಅಮೆರಿಕದ ಮತ್ತು ಅಂತರರಾಷ್ಟ್ರೀಯ ಬೇರಿಯಾಟ್ರಿಕ್ (ತೂಕ ಇಳಿಸುವ ಸರ್ಜರಿ ಮಾಡುವ) ಸರ್ಜನ್‌ಗಳ ಸಂಘಗಳು ಸೇರಿ ಅದನ್ನು ಬದಲಾಯಿಸಿದವು. 35 ದಾಟಿದರೆ ಬೇರೆ ಕಾಯಿಲೆ ಇಲ್ಲದಿದ್ದರೂ ಸರ್ಜರಿ ಸೂಚಿಸಬಹುದು. 30ರ ಮೇಲಿದ್ದು ಟೈಪ್ 2 ಡಯಾಬಿಟಿಸ್ ಇದ್ದರೂ ಸೂಚಿಸಬಹುದು. ಏಷ್ಯಾ ಮೂಲದವರಿಗೆ 27.5ರಿಂದಲೇ. ಅಂದರೆ ಸರ್ಜರಿಗೆ ನಾನು ಅರ್ಹಳೇ. ಆದರೆ ಯಾವ ಸರ್ಜರಿಗೆ? ಅದನ್ನು ಯಾರೂ ಕೇಳಲಿಲ್ಲ.

ನನಗೆ ವರ್ಷಗಳಿಂದ ಎದೆಯುರಿ. ದಿನಾ ಬೆಳಗ್ಗೆ ಖಾಲಿ ಹೊಟ್ಟೆಗೆ ಆಸಿಡ್ ಕಡಿಮೆ ಮಾಡುವ ಪ್ಯಾಂಟೊಪ್ರಜೋಲ್ ಮಾತ್ರೆ. ಇದನ್ನು ನಾನು ಕೌನ್ಸೆಲರ್‌ಗೆ ಹೇಳಿದ್ದೆ, ಆಮೇಲೆ ಬಂದ ಸರ್ಜನ್‌ಗೂ ಹೇಳಿದ್ದೆ. "ತೂಕ ಇಳಿದರೆ ಅದೂ ಹೋಗುತ್ತದೆ" ಅಂದರು. ಉಳಿದಿದ್ದೆಲ್ಲ ಕೀಹೋಲ್ ಬಗ್ಗೆ. ಸಣ್ಣ ಸಣ್ಣ ತೂತು, ಎರಡು ದಿನಕ್ಕೆ ಮನೆ, ಗಾಯದ ಕಲೆಯೂ ಕಾಣಲ್ಲ. ಸಣ್ಣದಾಗಿರುವುದು ಹೊರಗಿನ ಗಾಯ ಮಾತ್ರ! ಒಳಗೆ ಹೊಟ್ಟೆಯ ಮುಕ್ಕಾಲು ಭಾಗ ಸ್ಟೇಪ್ಲರ್ ಹಾಕಿ ಕತ್ತರಿಸಿ ಹೊರಗೆ ತೆಗೆಯುತ್ತಾರೆ. ಅದು ವಾಪಸ್ ಬರುವುದಿಲ್ಲ. ಬಿ12, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ ಜೀವನಪೂರ್ತಿ ನೋಡಿಕೊಳ್ಳಬೇಕು.

ಸ್ಲೀವ್ ಮಾಡಿಸಿಕೊಂಡೆ. ತೂಕ ಇಳಿಯಿತು, ನಿಜ. ಎದೆಯುರಿ ಹೋಗಲಿಲ್ಲ, ಜಾಸ್ತಿಯಾಯಿತು. ಮಲಗಿದರೆ ಹುಳಿನೀರು ಗಂಟಲಿಗೆ ಬರುತ್ತದೆ, ಕೆಮ್ಮಿ ಎದ್ದು ಕೂರುತ್ತೇನೆ. ಸರ್ಜರಿ ಮಾಡಿದ ಸೆಂಟರ್‌ಗೆ ಫೋನ್ ಮಾಡಿದರೆ, "ಎಲ್ಲರಿಗೂ ಸ್ವಲ್ಪ ಹಾಗಾಗುತ್ತೆ, ಅಡ್ಜಸ್ಟ್ ಆಗುತ್ತೆ." ಮತ್ತೆ ಮಾಡಿದರೆ, "ಡಯಟ್ ಚಾರ್ಟ್ ಪಾಲಿಸ್ತಿದ್ದೀರಾ?" ಇನ್ನೊಮ್ಮೆ ಮಾಡಿದರೆ, "ಡಾಕ್ಟರ್ ಓಟಿಯಲ್ಲಿದ್ದಾರೆ."

ಕೊನೆಗೆ ಬೇರೆ ಡಾಕ್ಟರ್ ಹತ್ತಿರ ಹೋದೆ. ಎಂಡೋಸ್ಕೋಪಿ ಮಾಡಿದರು. ಅನ್ನನಾಳದಲ್ಲಿ ಹುಣ್ಣು, ಜೊತೆಗೆ ಹಯಾಟಸ್ ಹರ್ನಿಯಾ, ಅಂದರೆ ಹೊಟ್ಟೆಯ ಮೇಲ್ಭಾಗ ಎದೆಯ ಕಡೆಗೆ ಜಾರಿರುವುದು. "ಸರ್ಜರಿಗೆ ಮೊದಲು ಮಾಡಿದ ಎಂಡೋಸ್ಕೋಪಿಯಲ್ಲಿ ಏನಿತ್ತು?" ಅಂತ ಕೇಳಿದರು. ಮಾಡೇ ಇರಲಿಲ್ಲ. ಅವರು ಏನೂ ಅನ್ನಲಿಲ್ಲ, ಆ ಸೆಂಟರ್‌ನ ಫೈಲ್ ತಗೊಂಡು ಹಾಳೆ ತಿರುಗಿಸಿದರು. ಎರಡನೇ ಪುಟದಲ್ಲಿ ಪ್ರಶ್ನೆಗಳ ಪಟ್ಟಿ. "ಎದೆಯುರಿ / ರಿಫ್ಲಕ್ಸ್" (ಆಸಿಡ್ ಮೇಲಕ್ಕೆ ಬರುವುದು) ಅನ್ನುವ ಸಾಲಿನ ಮುಂದೆ "ಇಲ್ಲ" ಅಂತ ಟಿಕ್. ನೀಲಿ ಪೆನ್ನು, ಕೌನ್ಸೆಲರ್ ಕೈಬರಹ. ಮೂರನೇ ಪುಟದಲ್ಲಿ ನಾನು ತಗೊಳ್ಳುವ ಮಾತ್ರೆಗಳು. ಅದೇ ನೀಲಿ ಪೆನ್ನಿನಲ್ಲಿ, "ಪ್ಯಾಂಟೊಪ್ರಜೋಲ್ 40, ದಿನಕ್ಕೊಂದು."

ಡಾಕ್ಟರ್ ಎರಡೂ ಸಾಲಿನ ಮೇಲೆ ಬೆರಳಿಟ್ಟು ನನ್ನ ಮುಖ ನೋಡಿದರು. ನನಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ಆ ಸೆಂಟರ್‌ನವರಿಗೆ ಗೊತ್ತಿತ್ತು. ಅವರಿಗೆ ಮೊದಲಿಂದಲೂ ಗೊತ್ತಿತ್ತು! ಸ್ಲೀವ್ ಆದ ಮೇಲೆ ಹೊಟ್ಟೆ ಕೊಳವೆಯಂತಾಗಿ ಒಳಗಿನ ಒತ್ತಡ ಏರುತ್ತದೆ, ಆಸಿಡ್ ಮೇಲಕ್ಕೆ ಬರುತ್ತದೆ. ಇದು ಈ ಕ್ಷೇತ್ರದವರಿಗೆಲ್ಲ ಗೊತ್ತಿರುವ ವಿಷಯವಂತೆ. ರಿಫ್ಲಕ್ಸ್ ತೀವ್ರವಾಗಿರುವವರಿಗೆ, ಬ್ಯಾರೆಟ್ಸ್ ಅನ್ನುವ ಅನ್ನನಾಳದ ತೊಂದರೆ ಇರುವವರಿಗೆ ಸಾಮಾನ್ಯವಾಗಿ ಬೈಪಾಸ್ (ಹೃದಯದ್ದಲ್ಲ, ಹೊಟ್ಟೆಯಲ್ಲಿ ಸಣ್ಣ ಚೀಲ ಮಾಡಿ ಸಣ್ಣ ಕರುಳಿಗೆ ಜೋಡಿಸುವ ಇನ್ನೊಂದು ಸರ್ಜರಿ) ಕಡೆ ನೋಡುತ್ತಾರಂತೆ.

ಆ ಎರಡು ಪುಟ ಹಿಡಿದು ಸೆಂಟರ್‌ಗೆ ಹೋದೆ. "ಎಂಟ್ರಿ ಮಿಸ್ಟೇಕ್ ಇರಬಹುದು." ಸರಿ, ಎಂಡೋಸ್ಕೋಪಿ ಯಾಕೆ ಮಾಡಲಿಲ್ಲ? "ಕೆಳಗೆ ನಿಮ್ಮದೇ ಸಹಿ ಇದೆಯಲ್ಲ." ಆ ಸಹಿ ಹಾಕಿಸಿಕೊಂಡಿದ್ದು ಅಡ್ಮಿಟ್ ಆದ ದಿನ, ಒಂದು ಕೈಗೆ ಡ್ರಿಪ್ ಸೂಜಿ ಚುಚ್ಚುತ್ತಿದ್ದಾಗ. ಹಾಳೆಯ ಕೆಳಗಿನ ತುದಿ ಮಾತ್ರ ಎತ್ತಿ, ಇಲ್ಲಿ, ಇಲ್ಲಿ, ಇಲ್ಲಿ ಅಂತ. ಆಮೇಲೆ ಬಂತು ನೋಡಿ, "ತೂಕ ಇಳಿದಿದೆ ತಾನೇ? ಅದಕ್ಕೇ ತಾನೇ ನೀವು ಬಂದಿದ್ದು?" ಈ ಮಾತು ಇವತ್ತಿಗೂ ಕಿವಿಯಲ್ಲಿದೆ. ಅದೇ ಉಸಿರಿನಲ್ಲಿ, "ಬೈಪಾಸ್‌ಗೆ ಕನ್ವರ್ಟ್ ಮಾಡಬಹುದು, ನಮ್ಮಲ್ಲೇ ಪ್ಯಾಕೇಜ್ ಇದೆ" ಅಂದರು. ಎದ್ದು ಬಂದೆ.

ಸರ್ಜರಿಯೇ ಬೇಡ ಅಂತ ನಾನು ಹೇಳುತ್ತಿಲ್ಲ. ಇದರಿಂದ ಡಯಾಬಿಟಿಸ್ ಹತೋಟಿಗೆ ಬಂದವರಿದ್ದಾರೆ, ಸ್ಲೀಪ್ ಆಪ್ನಿಯಾ (ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುವುದು) ಕಡಿಮೆಯಾದವರಿದ್ದಾರೆ. ಆದರೆ ಕ್ಯಾಲ್ಕ್ಯುಲೇಟರ್ ನೋಡಿ "ಪರ್ಫೆಕ್ಟ್" ಅನ್ನುವವರನ್ನು ನಂಬಬೇಡಿ. ಎದೆಯುರಿ ಇದೆ ಅಂದಮೇಲೂ ಎಂಡೋಸ್ಕೋಪಿ ಮಾತೆತ್ತದಿದ್ದರೆ ಅಲ್ಲಿಂದ ಎದ್ದುಬಿಡಿ. ಡಯಟಿಷಿಯನ್, ಮನಶ್ಶಾಸ್ತ್ರಜ್ಞರನ್ನು ತೋರಿಸದೆ ನೇರ ಡೇಟ್ ಕೊಟ್ಟರೂ ಅಷ್ಟೇ. ಸ್ಲೀವೇ ಯಾಕೆ, ಬೈಪಾಸ್ ಯಾಕಲ್ಲ ಅಂತ ಸರ್ಜನ್ ಬಾಯಿಂದಲೇ ಕೇಳಿ, ಕೌನ್ಸೆಲರ್ ಬಾಯಿಂದ ಅಲ್ಲ. ನಿಮ್ಮ ಬಗ್ಗೆ ತುಂಬಿದ ಫಾರಂನ ನಕಲನ್ನು ಸರ್ಜರಿಗೆ ಮೊದಲೇ ಕೈಗೆ ತಗೊಂಡು, ಮನೆಯಲ್ಲಿ ಕೂತು ಸಾಲು ಸಾಲು ಓದಿ. ತಪ್ಪಿದ್ದರೆ ತಿದ್ದಿಸಿ, ಆಮೇಲೆ ಸಹಿ ಹಾಕಿ.