ದೊಡ್ಡ ಕಾಯಿಲ್ ಸುತ್ತಲು ಸೈಕಲ್ ರಿಮ್: ಬಳಸಿದವಳ ಅಭಿಪ್ರಾಯ

ಮನೆಯಲ್ಲಿ ಅರ್ಧ ಮೀಟರಿಗಿಂತ ಅಗಲದ ಕಾಯಿಲ್ (ತಂತಿಯ ಸುರುಳಿ) ಸುತ್ತಬೇಕು, ತಂತಿ ಸುತ್ತುವ ಚೌಕಟ್ಟು, ಅಂದರೆ ಫಾರ್ಮರ್, ಎಲ್ಲಿ ಸಿಗುತ್ತದೆ ಎಂದು ಯಾರೇ ಕೇಳಿದರೂ ನನ್ನ ಉತ್ತರ ಒಂದೇ: ಸೈಕಲ್ ಅಂಗಡಿಗೆ ಹೋಗಿ, 26 ಇಂಚಿನ ಡಬಲ್ ವಾಲ್ (ಎರಡು ಗೋಡೆ, ನಡುವೆ ಪೊಳ್ಳು) ಅಲ್ಯೂಮಿನಿಯಂ ರಿಮ್ ಎರಡು ತನ್ನಿ. ಒಂದಕ್ಕೆ ಐದಾರು ನೂರು ರೂಪಾಯಿ. ಆ ದುಡ್ಡಿಗೆ ಅಷ್ಟು ದುಂಡಗಿನ, ಅಷ್ಟು ಹಗುರವಾದ, ಎರಡೂ ಕಡೆ ಅಂಚಿರುವ ಬಳೆ ಬೇರೆಲ್ಲೂ ಸಿಗುವುದಿಲ್ಲ.

ನಾನು ಹಾಸನದಲ್ಲಿ ಪಿಯು ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಡುತ್ತೇನೆ. ನನಗೆ ಬೇಕಿದ್ದದ್ದು ಹೆಲ್ಮ್‌ಹೋಲ್ಟ್ಜ್ ಕಾಯಿಲ್ ಜೋಡಿ: ಒಂದೇ ಅಳತೆಯ ಎರಡು ಸುರುಳಿ, ಎದುರುಬದುರು, ನಡುವಿನ ಅಂತರ ಸುರುಳಿಯ ತ್ರಿಜ್ಯದಷ್ಟೇ. ಹಾಗೆ ಇಟ್ಟರೆ ನಟ್ಟನಡುವೆ ಕಾಂತಕ್ಷೇತ್ರ ಬಹುಮಟ್ಟಿಗೆ ಒಂದೇ ಸಮ ಇರುತ್ತದೆ. ಕಾಲೇಜಿನ ಕಿಟ್‌ಗಳಲ್ಲಿ ಬರುವ ಕಾಯಿಲ್ ಚಿಕ್ಕದು. ಅದರೊಳಗೆ ಒಂದು ಮೊಬೈಲ್ ಇಟ್ಟು, ಸುತ್ತ ನಾಲ್ಕು ಮಕ್ಕಳು ನಿಂತು ನೋಡಲು ಆಗುವುದಿಲ್ಲ. ಸುರುಳಿ ದೊಡ್ಡದಾದಷ್ಟೂ ಸಮಕ್ಷೇತ್ರದ ಜಾಗವೂ ದೊಡ್ಡದಾಗುತ್ತದೆ. ತ್ರಿಜ್ಯ 27.5 ಸೆಂಟಿಮೀಟರ್ ಇದ್ದರೆ, ಅಕ್ಷದ ಮೇಲೆ ನಡುವಿನಿಂದ ಆ ಕಡೆ ಈ ಕಡೆ ಐದೂವರೆ ಸೆಂಟಿಮೀಟರ್‌ವರೆಗೆ ವ್ಯತ್ಯಾಸ ಶೇಕಡ 0.2ರಷ್ಟು ಮಾತ್ರ. ಮೊಬೈಲ್ ಆರಾಮವಾಗಿ ಕೂರುತ್ತದೆ.

ರಿಮ್‌ಗೆ ಮೊದಲು ಬೇರೆಯವನ್ನೂ ನೋಡಿದ್ದೇನೆ. ಇಪ್ಪತ್ತು ಲೀಟರಿನ ಪೇಂಟ್ ಬಕೆಟ್ ಕೆಳಗೆ ಸಣ್ಣ, ಮೇಲೆ ಅಗಲ. ಸುತ್ತಿದ ತಂತಿ ಜಾರುತ್ತಲೇ ಇರುತ್ತದೆ, ಅದರ ತಂಟೆಗೇ ಹೋಗಬೇಡಿ. ಪಿವಿಸಿ ಪೈಪು 315 ಮಿಲಿಮೀಟರಿನದೂ ಸಿಗುತ್ತದೆ, ಆದರೆ ಅಂಗಡಿಯವರು ಆರು ಮೀಟರಿನ ಇಡೀ ಪೈಪನ್ನೇ ಕೊಳ್ಳಿ ಅನ್ನುತ್ತಾರೆ. ಪೈಪ್‌ಲೈನ್ ಕೆಲಸ ನಡೆಯುವ ಕಡೆ ತುಂಡು ಸಿಕ್ಕರೆ ಸಣ್ಣ ಕಾಯಿಲ್‌ಗೆ ಚೆನ್ನ, ಅಂಚು ಮಾತ್ರ ನೀವೇ ಕಟ್ಟಿಕೊಳ್ಳಬೇಕು. ಪ್ಲೈವುಡ್ಡಿನ ಮೂರು ಬಿಲ್ಲೆಗಳನ್ನು ಸಿಎನ್‌ಸಿಯಲ್ಲಿ (ಕಂಪ್ಯೂಟರ್ ನಡೆಸುವ ಕತ್ತರಿಸುವ ಯಂತ್ರ) ಕತ್ತರಿಸಿ, ಹಿತ್ತಾಳೆ ಸ್ಕ್ರೂ ಹಾಕಿ ಜೋಡಿಸುವುದು ಒಳ್ಳೆಯ ದಾರಿಯೇ. ಬೇಕಾದ ಅಳತೆ ಸಿಗುತ್ತದೆ. ಆದರೆ ಖರ್ಚು ರಿಮ್‌ಗಿಂತ ಎಷ್ಟೋ ಹೆಚ್ಚು, ನಮ್ಮ ಕಡೆಯ ಮಳೆಗಾಲದಲ್ಲಿ ಅಗ್ಗದ ಪ್ಲೈ ಸೊಟ್ಟಗಾಗುತ್ತದೆ. ಇನ್ನು ಗುಜರಿಯಲ್ಲಿ ಬಿದ್ದಿರುವ ಹಳೇ ಸೈಕಲ್ಲಿನ 28 ಇಂಚಿನ ರಿಮ್ ಪುಕ್ಕಟೆ ಸಿಕ್ಕರೂ ಬೇಡ. ಅದು ಉಕ್ಕು. ಕ್ಷೇತ್ರದ ರೇಖೆಗಳನ್ನೆಲ್ಲ ತನ್ನ ಕಡೆ ಎಳೆದುಕೊಂಡು ಲೆಕ್ಕವನ್ನೇ ಕೆಡಿಸುತ್ತದೆ. ಅಂಗಡಿಗೆ ಹೋಗುವಾಗ ಫ್ರಿಜ್ ಬಾಗಿಲಿನ ಒಂದು ಮ್ಯಾಗ್ನೆಟ್ ಪರ್ಸಿನಲ್ಲಿಟ್ಟುಕೊಳ್ಳಿ. ಅಂಟಿದರೆ ವಾಪಸ್ ಕೊಡಿ.

ಆನ್‌ಲೈನಿನಲ್ಲಿ ತರಿಸಿದ ಒಂದು ರಿಮ್ ನನಗೆ ಬೆಂಡಾಗಿ ಬಂತು. ರಟ್ಟಿನ ಪೆಟ್ಟಿಗೆಯೂ ಇಲ್ಲ, ಬರೀ ಪ್ಲಾಸ್ಟಿಕ್ ಸುತ್ತಿ ಕಳಿಸಿದ್ದರು. ಹಿಂತಿರುಗಿಸಲು ಪಟ್ಟ ಪಾಡು ಬೇಡ. ಆಮೇಲೆ ನಮ್ಮ ಬೀದಿಯ ಸೈಕಲ್ ಅಂಗಡಿಗೇ ಹೋದೆ. ಈ ವಿಮರ್ಶೆಯಲ್ಲಿ ರಿಮ್‌ಗೆ ಎಷ್ಟು ಅಂಕ ಕೊಡುತ್ತೇನೋ ಆ ಅಂಗಡಿಯವರಿಗೂ ಅಷ್ಟೇ ಕೊಡಬೇಕು.

"ಟೈರು ಟ್ಯೂಬು ಏನೂ ಬೇಡ್ವಾ ಮೇಡಂ?" ಎಂದು ಕೇಳಿದರು. ತಂತಿ ಸುತ್ತೋಕೆ ಅಣ್ಣ, ನೂರು ಸುತ್ತು, ಅಂದೆ. ರಿಮ್ ತಿರುಗಿಸಿ ನೋಡಿ, "ಬರೀ ರಿಮ್ ಹಿಡ್ಕೊಂಡು ಹೆಂಗ್ ಸುತ್ತೀರಿ? ಹಬ್ ಹಾಕಿ ಕಡ್ಡಿ ಕಟ್ಟಿ ಕೊಡ್ತೀನಿ, ಚಕ್ರ ತಿರುಗಿಸ್ಕೊಂಡು ಸುತ್ಕೊಳ್ಳಿ. ಆಮೇಲೆ ಕಡ್ಡಿ ಬಿಚ್ಚಾಕಿ" ಅಂದರು. ಇಡೀ ಕೆಲಸದಲ್ಲಿ ಅತ್ಯಂತ ಬೆಲೆಬಾಳುವ ಸಲಹೆ ಇದು. ಹಳೇ ಹಬ್ಬು, ಹಳೇ ಕಡ್ಡಿ ಹಾಕಿ, ಬೆಂಡ್ ತೆಗೆದು ಕೊಟ್ಟರು. ಮುರಿದ ಸೈಕಲ್ಲಿನ ಒಂದು ಫೋರ್ಕನ್ನೂ ಕೊಟ್ಟರು. ಅದನ್ನು ತಲೆಕೆಳಗಾಗಿ ಮೇಜಿಗೆ ಬಿಗಿದು ಚಕ್ರ ಕೂರಿಸಿದರೆ ವೈಂಡಿಂಗ್ ಮಷೀನ್ ತಯಾರು. ಕಡ್ಡಿಯನ್ನು ರಿಮ್ಮಿಗೆ ಬಿಗಿಯುವ ಪುಟ್ಟ ನಟ್ಟು, ಅಂದರೆ ನಿಪ್ಪಲ್, ಮಾತ್ರ ಹಿತ್ತಾಳೆಯದ್ದೇ ಹಾಕಿಸಿ. ಕಡ್ಡಿ ಬಿಚ್ಚಿದ ಮೇಲೂ ನಿಪ್ಪಲ್‌ಗಳು ತಂತಿಯ ಅಡಿಯಲ್ಲಿ ರಿಮ್ಮಿನೊಳಗೇ ಉಳಿಯುತ್ತವೆ. 36 ಕಬ್ಬಿಣದ ಚೂರುಗಳನ್ನು ಅಲ್ಲಿ ಬಿಡಬಾರದು.

ಡಬಲ್ ವಾಲ್ ಯಾಕೆ ಅಂದರೆ, ಸಿಂಗಲ್ ವಾಲ್ ರಿಮ್ಮಿನಲ್ಲಿ ನಿಪ್ಪಲ್ಲಿನ ತಲೆ ನೇರವಾಗಿ ತಂತಿ ಕೂರುವ ಜಾಗಕ್ಕೇ ಎದ್ದು ನಿಲ್ಲುತ್ತದೆ. ತಂತಿಯ ಮೇಲಿನ ನಿರೋಧಕ ಲೇಪನ (ಎನಾಮೆಲ್) ಕೆರೆದು ಹೋಗಿ ಶಾರ್ಟ್ ಆಗಲು ಅಷ್ಟು ಸಾಕು. ಡಬಲ್ ವಾಲ್‌ನಲ್ಲಿ ತಲೆಗಳು ಒಳಗಿನ ಪೊಳ್ಳಿನಲ್ಲಿ ಇರುತ್ತವೆ, ಮೇಲೆ ತೂತುಗಳು ಮಾತ್ರ ಕಾಣುತ್ತವೆ. ಅದರ ಮೇಲೆ ರಿಮ್ ಟೇಪ್, ಆಮೇಲೆ ಮೋಟರ್ ರಿವೈಂಡಿಂಗ್ ಅಂಗಡಿಯಲ್ಲಿ ಸಿಗುವ ಲೆದರಾಯ್ಡ್ ಪೇಪರಿನ (ವಿದ್ಯುತ್ ತಡೆಯುವ ದಪ್ಪ ಕಾಗದ) ಪಟ್ಟಿ. ಅಂಚಿನ ಒಳಮೈಗೂ ಪೇಪರ್ ಏರಿರಬೇಕು.

ತಂತಿಯೂ ಅದೇ ರಿವೈಂಡಿಂಗ್ ಅಂಗಡಿಯಲ್ಲಿ, ತೂಕದ ಲೆಕ್ಕ. ನಾನು ಹಾಕಿದ್ದು 22 ಗೇಜ್, ಅಂದರೆ 0.71 ಮಿಲಿಮೀಟರ್ ದಪ್ಪದ್ದು. ಒಂದು ಕಾಯಿಲ್‌ಗೆ ನೂರು ಸುತ್ತಿನಂತೆ ಎರಡಕ್ಕೂ ಸೇರಿ ಸುಮಾರು 345 ಮೀಟರ್, ತೂಕ ಒಂದೂಕಾಲು ಕೆಜಿ. ಒಂದೂವರೆ ಕೆಜಿ ತಂದರೆ ನಿಶ್ಚಿಂತೆ. ತಾಮ್ರ ಕೆಜಿಗೆ ಸಾವಿರ ರೂಪಾಯಿ ದಾಟಿರುವಾಗ ಖರ್ಚೆಲ್ಲ ಇರುವುದು ಇಲ್ಲೇ, ರಿಮ್ಮಿನಲ್ಲಲ್ಲ. ಎರಡನ್ನೂ ಸರಣಿಯಲ್ಲಿ ಜೋಡಿಸಿದಾಗ ರೋಧ 15 ಓಮ್ ಆಸುಪಾಸು.

ಸುತ್ತುವ ಹೊತ್ತು ಬಲು ಹಿತವಾದದ್ದು. ಎಡಗೈಯಲ್ಲಿ ಹತ್ತಿಬಟ್ಟೆಯ ಚೂರು ಹಿಡಿದು ತಂತಿಯನ್ನು ಅದರ ನಡುವಿನಿಂದ ಬಿಡುವುದು, ಬಲಗೈಯಲ್ಲಿ ಚಕ್ರವನ್ನು ಮೆಲ್ಲಗೆ ನೂಕುವುದು. ಒಂದೊಂದು ಸುತ್ತೂ ಹಿಂದಿನ ಸುತ್ತಿಗೆ ಆತುಕೊಂಡು ಕೂರುವಾಗ ಬೆರಳಿಗೇ ಗೊತ್ತಾಗುತ್ತದೆ. ನನ್ನ ರಿಮ್ಮಿನ ಒಳಗಲ 20 ಮಿಲಿಮೀಟರ್, ಹಾಗಾಗಿ ಒಂದು ಪದರಕ್ಕೆ 25 ಸುತ್ತು, ನಾಲ್ಕು ಪದರಕ್ಕೆ ನೂರು. ಪ್ರತಿ ಪದರ ಮುಗಿದಾಗ ವಾರ್ನಿಷ್ ಸವರಿದೆ. ಎಣಿಕೆಗೆ ಕ್ಯಾಲ್ಕುಲೇಟರ್: ಕಡ್ಡಿಗೊಂದು ಚಿಕ್ಕ ಮ್ಯಾಗ್ನೆಟ್, ಫೋರ್ಕಿಗೊಂದು ರೀಡ್ ಸ್ವಿಚ್ (ಮ್ಯಾಗ್ನೆಟ್ ಹತ್ತಿರ ಬಂದಾಗ ಮುಚ್ಚಿಕೊಳ್ಳುವ ಸ್ವಿಚ್), ಅದರ ಎರಡು ವೈರು ಕ್ಯಾಲ್ಕುಲೇಟರಿನ ಸಮ ಚಿಹ್ನೆಯ ಕೀಲಿಗೆ. ಒಂದು ಕೂಡಿಸು ಒಂದು ಎಂದು ಒತ್ತಿ ಬಿಟ್ಟರೆ ಚಕ್ರ ಸುತ್ತಿದಂತೆಲ್ಲ ಅಂಕಿ ಏರುತ್ತದೆ. ಕಡ್ಡಿ ಬಿಚ್ಚುವಾಗ ಒಂದೇ ಕಡೆಯಿಂದ ಪೂರ್ತಿ ಸಡಿಲಿಸದೆ, ಎಲ್ಲ ಕಡ್ಡಿಗೂ ಸ್ವಲ್ಪಸ್ವಲ್ಪವೇ ಸುತ್ತಾಗಿ ಸಡಿಲ ಮಾಡುತ್ತ ಬನ್ನಿ. ರಿಮ್ ದುಂಡಗೆ ಉಳಿಯುತ್ತದೆ.

ಇನ್ನು ಫಲಿತಾಂಶ. ಒಂದು ಆಂಪಿಯರ್ ಬಿಟ್ಟರೆ ನಡುವೆ ಸುಮಾರು 325 ಮೈಕ್ರೊಟೆಸ್ಲಾ, ನಮ್ಮ ಕಡೆಯ ಭೂಮಿಯ ಕ್ಷೇತ್ರದ ಎಂಟು ಪಟ್ಟು. ವೈಫೈ ರೂಟರಿನ 12 ವೋಲ್ಟ್ ಅಡಾಪ್ಟರ್ ಕೂಡ 0.8 ಆಂಪಿಯರ್ ಕೊಡುತ್ತದೆ. ಫೋನಿನ ಸೆನ್ಸರ್‌ನಿಂದ ಕಾಂತಕ್ಷೇತ್ರ ಅಳೆಯುವ ಫೈಫಾಕ್ಸ್ ಆ್ಯಪ್ ಹಾಕಿದ ಮೊಬೈಲನ್ನು ನಡುವೆ ಇಟ್ಟು, ವಿದ್ಯುತ್ ಏರಿಸಿದಂತೆ ಗ್ರಾಫ್ ನೇರ ಗೆರೆಯಲ್ಲಿ ಏರುವುದನ್ನು ಮಕ್ಕಳು ತಾವೇ ಬರೆದುಕೊಂಡರು. ಆದರೆ ನನ್ನ ಮನಸ್ಸಿಗೆ ಹಿಡಿಸಿದ್ದು ದಿಕ್ಸೂಚಿಯ ಆಟ. ಕರ್ನಾಟಕದಲ್ಲಿ ಭೂಮಿಯ ಕಾಂತಕ್ಷೇತ್ರ ಹೆಚ್ಚುಕಡಿಮೆ ಅಡ್ಡಕ್ಕೇ ಇರುತ್ತದೆ, ಹಾಗಾಗಿ ಕಾಯಿಲ್‌ಗಳ ಅಕ್ಷವನ್ನು ಉತ್ತರ ದಕ್ಷಿಣಕ್ಕೆ ಇಟ್ಟು ಅವುಗಳ ಕ್ಷೇತ್ರ ಭೂಮಿಯ ಕ್ಷೇತ್ರಕ್ಕೆ ಎದುರಾಗುವಂತೆ ವಿದ್ಯುತ್ ಹರಿಸಿದರೆ ಸಾಕು. 0.12 ಆಂಪಿಯರ್ ಹತ್ತಿರ ಬಂದಾಗ ಮುಳ್ಳು ಸೋಮಾರಿಯಾಗುತ್ತದೆ, ಬೆರಳಲ್ಲಿ ತಟ್ಟಿದರೆ ಎಲ್ಲಿ ಬೇಕಾದರಲ್ಲಿ ನಿಲ್ಲುತ್ತದೆ. ಇನ್ನೊಂದು ಚೂರು ಏರಿಸಿ, ಉತ್ತರದ ತುದಿ ದಕ್ಷಿಣಕ್ಕೆ ತಿರುಗುತ್ತದೆ. ಭೂಮಿಯನ್ನೇ ಸೋಲಿಸಿದೆವು ಮಿಸ್, ಅಂದಳು ಒಬ್ಬಳು. ನನಗಾದ ಸಂತೋಷವೂ ಕಡಿಮೆಯದಲ್ಲ.

ಎಲ್ಲರಿಗೂ ಈ ರಿಮ್ ಹೊಂದುವುದಿಲ್ಲ. ಎಸಿ ವಿದ್ಯುತ್ತಿನ ಪ್ರಯೋಗ ಮಾಡುವವರಿಗೆ ಇದು ಬೇಡವೇ ಬೇಡ. ಅಲ್ಯೂಮಿನಿಯಂ ಬಳೆ ತಾನೇ ಶಾರ್ಟ್ ಆದ ಒಂದು ಸುತ್ತಿನಂತೆ ವರ್ತಿಸಿ, ತನ್ನೊಳಗೆ ವಿದ್ಯುತ್ ಹರಿಸಿಕೊಂಡು ನಿಮ್ಮ ಕ್ಷೇತ್ರವನ್ನು ತಗ್ಗಿಸುತ್ತದೆ. ರಿಮ್ಮನ್ನು ಒಂದು ಕಡೆ ಗರಗಸದಲ್ಲಿ ಸೀಳಿ ಹೈಲಂ (ವಿದ್ಯುತ್ ಹರಿಯಗೊಡದ ಗಟ್ಟಿ ಹಲಗೆ) ತುಂಡು ಕೂರಿಸಬಹುದು, ಆದರೆ ಸೀಳಿದ ರಿಮ್ ಕಡ್ಡಿಯ ಬಿಗಿತ ತಡೆಯುವುದಿಲ್ಲ, ಸುತ್ತುವ ಅನುಕೂಲವೇ ಹೋಯಿತು. ಅಂಥವರು ಪ್ಲೈವುಡ್ಡಿಗೇ ದುಡ್ಡು ಹಾಕಿ. ಭಾರೀ ವೋಲ್ಟೇಜಿನ ಕಿಡಿ ಹಾರಿಸುವ ಟೆಸ್ಲಾ ಕಾಯಿಲ್ ಮಾಡುವವರಿಗೆ ಉದ್ದನೆಯ ಪಿವಿಸಿ ಪೈಪೇ ಸರಿ.

ಕೊಳ್ಳುವವರಿಗೆ ಒಂದೆರಡು ಮಾತು. ರಿಮ್ಮಿನ ಮೇಲೆ 559 ಎಂದು ಇರುವುದು ಟೈರ್ ಕೂರುವ ಜಾಗದ ವ್ಯಾಸ, ಮಿಲಿಮೀಟರಿನಲ್ಲಿ. ತಂತಿ ಅದಕ್ಕಿಂತ ತುಸು ಒಳಗೆ ಕೂರುತ್ತದೆ. ಎರಡನೇ ಪದರ ಮುಗಿದಾಗ ಟೈಲರ್ ಟೇಪಿನಿಂದ ಸುತ್ತಳತೆ ತೆಗೆದು ತ್ರಿಜ್ಯ ಲೆಕ್ಕ ಹಾಕಿ, ಮರದ ಸ್ಟ್ಯಾಂಡಿನಲ್ಲಿ ಎರಡು ಕಾಯಿಲ್‌ಗಳ ನಡುಗೆರೆಯಿಂದ ನಡುಗೆರೆಗೆ ಅಷ್ಟೇ ಅಂತರ ಬಿಡಿ. ಎರಡು ರಿಮ್ಮೂ ಒಂದೇ ಕಂಪನಿಯದು, ಒಂದೇ ಮಾದರಿಯದು ಇರಲಿ. ಸ್ವಿಚ್ ಆಫ್ ಮಾಡುವಾಗ ಕಿಡಿ ಹಾರದಂತೆ ಕಾಯಿಲ್‌ಗೆ ಅಡ್ಡಲಾಗಿ ಉಲ್ಟಾ ದಿಕ್ಕಿನಲ್ಲಿ ಒಂದು ಡಯೋಡ್ ಹಾಕಿ. ಹಬ್ಬು, ಕಡ್ಡಿ, ಫೋರ್ಕನ್ನು ಅಂಗಡಿಯವರಿಗೆ ಹಿಂದಕ್ಕೆ ಕೊಡಿ. ನಮ್ಮವರು ಹಬ್ಬು, ಕಡ್ಡಿಗೆ ದುಡ್ಡೇ ಮುಟ್ಟಲಿಲ್ಲ, ಕಡ್ಡಿ ಕಟ್ಟಿದ ಕೂಲಿ ಮಾತ್ರ ತೆಗೆದುಕೊಂಡರು.